ಬಿಟ್ಟುಕೊಡದ ಸಾತ್ವಿಕತೆ

ಕ್ರೈಸ್ತ ಜೀವನಕ್ಕೆ ತಕ್ಕ ಗುಣಗಳೆಂದು ಬೈಬಲ್ ಹೇಳುವವುಗಳಲ್ಲಿ ಪ್ರೀತಿ, ಕ್ಷಮೆ, ದಯೆಗಳನ್ನು ಆ ಧರ್ಮಕ್ಕೆ ಸೇರದವರೂ ಮನಸಾರೆ ಮೆಚ್ಚುತ್ತಾರೆ. ಆದರೆ ಸಾತ್ವಿಕತೆಯ ಮಾತು ಬಂದಾಗ ಧರ್ಮಕ್ಕೆ ಸೇರಿದವರೇ ಒಳಗೊಳಗೆ ಅನುಮಾನಿಸುವುದುಂಟು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ತಲೆತಲಾಂತರದ ಅನುಭವದಿಂದ ಹುಟ್ಟಿದ್ದು. ಹೊಲದ ಬದು ಒತ್ತುವರಿಯಾದಾಗ, ಮನೆಯಲ್ಲಿ ಪಾಲು ಹಂಚುವಾಗ, ಕಚೇರಿಯಲ್ಲಿ ಬಡ್ತಿಯ ಪಟ್ಟಿ ಹೊರಬಿದ್ದಾಗ ಸಾಧು ಸ್ವಭಾವದವರ ಗತಿ ಏನಾಗುತ್ತದೆಂಬುದನ್ನು ಎಲ್ಲರೂ ಕಂಡವರೇ. ಹೀಗಿರುವಾಗ, ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗವೆಂದು ಹೆಸರಾದ ಬೋಧನೆಯ ಆರಂಭದಲ್ಲೇ, ಭೂಮಿ ಕೊನೆಗೆ ಸೇರುವುದು ಸಾತ್ವಿಕರಿಗೆ ಎಂಬರ್ಥದ ಮಾತನ್ನು ಯೇಸು ಆಡಿದ್ದನ್ನು ಒಂದು ಸೊಗಸಾದ ಉತ್ಪ್ರೇಕ್ಷೆಯೆಂದು ಬದಿಗಿಡುವುದು, ಇಲ್ಲವೇ ಪರಲೋಕದ ಲೆಕ್ಕಕ್ಕೆ ಬರೆದುಬಿಡುವುದು ಬಹುಮಂದಿ ಓದುಗರು ಹಿಡಿಯುವ ದಾರಿ. ಅದನ್ನು ಇಹಲೋಕದ ಮಾತಾಗಿಯೇ ತೆಗೆದುಕೊಂಡು ಬದುಕಿನಲ್ಲಿ ಪರೀಕ್ಷಿಸಿ ನೋಡಿದವರೂ ಕ್ರೈಸ್ತ ಇತಿಹಾಸದಲ್ಲಿ ಇದ್ದಾರೆ. 18ನೆಯ ಶತಮಾನದ ಅಮೆರಿಕದ ದರ್ಜಿ ಜಾನ್ ವೂಲ್‌ಮನ್ ಅಂಥವರಲ್ಲಿ ಒಬ್ಬ.

ಯೇಸುವಿನ ಆ ಮಾತಿನ ಬೇರು 37ನೆಯ ಕೀರ್ತನೆಯಲ್ಲಿದೆ. ಕೀರ್ತನೆಗಳೆಂದರೆ ಯೆಹೂದ್ಯರು ಆರಾಧನೆಯಲ್ಲಿ ಹಾಡುತ್ತಿದ್ದ, ಮುಂದೆ ಕ್ರೈಸ್ತರೂ ತಮ್ಮದಾಗಿಸಿಕೊಂಡ ಪ್ರಾರ್ಥನಾಗೀತೆಗಳು. ಈ ಕೀರ್ತನೆಯಲ್ಲಿ ದುಷ್ಟರು ಏಳಿಗೆ ಹೊಂದುತ್ತಿದ್ದಾರೆ, ಬಡವರ ಮೇಲೆ ಕತ್ತಿ ಹಿರಿಯುತ್ತಿದ್ದಾರೆ, ಕೇಳುವವರಿಲ್ಲ. ಅದನ್ನು ಕಂಡು ಕುದಿಯುತ್ತಿರುವವನಿಗೆ, ಕೋಪವನ್ನು ಬಿಡು, ಒಳ್ಳೆಯದನ್ನು ಮಾಡುತ್ತ ದೇವರನ್ನು ನಿರೀಕ್ಷಿಸು, ನಾಡು ಉಳಿಯುವುದು ಆ ದುಷ್ಟರ ಪಾಲಿಗಲ್ಲ ಎಂದು ಹಾಡುಗಾರ ಹೇಳುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಈ ಬುದ್ಧಿಮಾತು ಯಾರನ್ನು ಉದ್ದೇಶಿಸಿದೆ ಎಂಬುದನ್ನು. ಕೋಪಗೊಳ್ಳಲು ನ್ಯಾಯವಾದ ಕಾರಣವಿರುವವನಿಗೆ, ಅನ್ಯಾಯವನ್ನು ಕಣ್ಣಾರೆ ಕಂಡವನಿಗೆ ಅದು ಹೇಳಿದ ಮಾತು. ಜಗಳಕ್ಕೆ ಕಾರಣವೇ ಇಲ್ಲದ ಕಡೆ ತಣ್ಣಗಿರುವುದು ಹುಟ್ಟುಸ್ವಭಾವವಾದೀತು. ಬೈಬಲ್ ಮೆಚ್ಚುವ ಸಾತ್ವಿಕತೆಯ ಪ್ರಶ್ನೆ ಏಳುವುದೇ ಅನ್ಯಾಯ ಎದುರಿಗೆ ಬಂದು ನಿಂತ ಮೇಲೆ.

ಬೈಬಲಿನಲ್ಲಿ ಭೂಮಿಯ ಮೇಲಿನ ಎಲ್ಲರಿಗಿಂತ ಹೆಚ್ಚು ಸಾತ್ವಿಕನೆಂಬ ಬಿರುದು ಸಂದಿರುವುದು ಒಬ್ಬ ಪುರೋಹಿತನಿಗೂ ಅಲ್ಲ, ತಪಸ್ವಿಗೂ ಅಲ್ಲ, ಈಜಿಪ್ಟಿನ ಅರಸ ಫರೋಹನ ಎದುರು ನಿಂತು ತನ್ನ ಜನರನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಮೋಶೆಗೆ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಈ ಮಾತು ಬರುವ ಸಂದರ್ಭ ಬಹಳ ಅರ್ಥಪೂರ್ಣವಾಗಿದೆ. ಮೋಶೆಯ ಒಡಹುಟ್ಟಿದವರಾದ ಮಿರ್ಯಾಮಳೂ ಆರೋನನೂ ಅವನು ಕೂಷ್ ದೇಶದ ಹೆಂಗಸನ್ನು ಮದುವೆಯಾದ ನೆಪದಲ್ಲಿ ಅವನನ್ನು ಹಳಿಯುತ್ತಾರೆ, ದೇವರು ಅವನೊಬ್ಬನ ಮೂಲಕವೇ ಮಾತಾಡುತ್ತಾನೆಯೇ ಎಂದು ಅವನ ಸ್ಥಾನವನ್ನೇ ಪ್ರಶ್ನಿಸುತ್ತಾರೆ. ಮೋಶೆ ಉತ್ತರ ಕೊಡುವುದಿಲ್ಲ. ದೈವಕೋಪದಿಂದ ಮಿರ್ಯಾಮಳಿಗೆ ಕುಷ್ಠ ತಗುಲಿದಾಗ ಅವಳ ಪರವಾಗಿ ಮೊರೆಯಿಟ್ಟವನು ಅವನೇ. ಆದರೆ ಇದೇ ಮೋಶೆ, ಜನ ಚಿನ್ನದ ಹೋರಿಕರುವನ್ನು ಮಾಡಿಕೊಂಡು ಕುಣಿಯುವುದನ್ನು ಕಂಡಾಗ, ದೇವರ ಆಜ್ಞೆಗಳನ್ನು ಕೆತ್ತಿದ ಕಲ್ಲಿನ ಹಲಗೆಗಳನ್ನು ಬೆಟ್ಟದ ಬುಡದಲ್ಲಿ ಬಿಸಾಡಿ ಒಡೆದವನು. ತನಗಾದ ಅವಮಾನಕ್ಕೆ ಬಾಯಿಗೆ ಬೀಗ ಹಾಕಿಕೊಂಡವನು ತನ್ನದಲ್ಲದ ವಿಷಯಕ್ಕೆ ಸಿಡಿದೇಳುವ ಈ ರೀತಿಯಲ್ಲೇ ಸಾತ್ವಿಕತೆಯ ಲಕ್ಷಣವೆಲ್ಲ ಇದೆಯೆಂದರೆ ತಪ್ಪಾಗದು.

ಯೇಸುವಿನ ಬದುಕಿನಲ್ಲಿಯೂ ಇದೇ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ರಾಜ್ಯಪಾಲ ಪಿಲಾತನ ಎದುರು ತನ್ನ ಮೇಲೆ ಹೊರಿಸಿದ ಆಪಾದನೆಗಳಿಗೆ ಸುಮ್ಮನಿದ್ದವನು, ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಹಣ ವಿನಿಮಯ ಮಾಡುವವರ ಮೇಜುಗಳನ್ನು ಕೆಡವಿದವನೂ ಹೌದು. ಇವೆರಡರ ನಡುವೆ ಯೋಹಾನನ ಸುವಾರ್ತೆ ಹೇಳುವ ಇನ್ನೊಂದು ಚಿಕ್ಕ ಘಟನೆಯಿದ್ದು, ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ: ಮಹಾಯಾಜಕನ ಮನೆಯಲ್ಲಿ ವಿಚಾರಣೆ ನಡೆಯುವಾಗ ಕಾವಲಿನವನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ, ಯೇಸು ತಿರುಗಿ ಹೊಡೆಯುವುದಿಲ್ಲ, ಶಪಿಸುವುದಿಲ್ಲ, ಹಾಗೆಂದು ಮೌನವಾಗಿಯೂ ಇರುವುದಿಲ್ಲ, ಹೇಳಿದ್ದು ತಪ್ಪಾಗಿದ್ದರೆ ತಪ್ಪನ್ನು ತೋರಿಸು, ಸರಿಯಾಗಿದ್ದರೆ ಹೊಡೆದದ್ದೇಕೆ ಎಂದು ಕೇಳುತ್ತಾನೆ. ಹೊಡೆದವನನ್ನೂ ವಿವೇಕವುಳ್ಳ ಮನುಷ್ಯನೆಂದು ಭಾವಿಸಿ, ಅವನಿಂದ ಉತ್ತರವನ್ನು ನಿರೀಕ್ಷಿಸುವ ಈ ಪ್ರಶ್ನೆ ಶರಣಾಗತಿಯಂತೂ ಖಂಡಿತ ಅಲ್ಲ.

ಮುಂದೆ ಬಂದ ಚಿಂತಕರು ಈ ಗುಣಕ್ಕೆ ಶಾಸ್ತ್ರದ ಚೌಕಟ್ಟು ಕಟ್ಟಿದರು. ಕೋಪವೇ ಬಾರದವನೂ ಕೋಪಕ್ಕೆ ಸಿಕ್ಕಿಬಿದ್ದವನೂ ಇಬ್ಬರೂ ಎಡವಿದವರೇ, ಇವರ ನಡುವಿನ ಹದವೇ ಸದ್ಗುಣ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದನ್ನು 13ನೆಯ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ತನ್ನ ದೇವತಾಶಾಸ್ತ್ರದೊಳಗೆ ತಂದುಕೊಂಡ. ಸಾತ್ವಿಕತೆಯನ್ನು ಆತ ಸಂಯಮದ ಒಂದು ಶಾಖೆಯಾಗಿ ಇಟ್ಟು, ಕೋಪದ ಲಗಾಮು ವಿವೇಕದ ಕೈಯಲ್ಲಿರುವ ಸ್ಥಿತಿಯೆಂದು ವಿವರಿಸುತ್ತಾನೆ. ಅಷ್ಟೇ ಅಲ್ಲ, ಕೋಪಗೊಳ್ಳಬೇಕಾದ ಕಡೆ ಕೋಪಗೊಳ್ಳದಿರುವುದೂ ದೋಷವಾಗಬಲ್ಲದು ಎಂದು ಬೇರೆಯಾಗಿಯೇ ವಾದಿಸುತ್ತಾನೆ. ಈ ಕೊನೆಯ ಮಾತು ಪ್ರವಚನಪೀಠಗಳಿಂದ ಅಪರೂಪಕ್ಕೆ ಕೇಳಿಬರುತ್ತದೆ.

ಅಪರೂಪವಾದದ್ದಕ್ಕೆ ಕಾರಣವೂ ಇದೆ, ಅದು ಅಷ್ಟೇನೂ ಹೆಮ್ಮೆಯ ಕಾರಣವಲ್ಲ. ಇತಿಹಾಸದಲ್ಲಿ ಸಾತ್ವಿಕತೆಯನ್ನು ಬಹಳ ಸಲ ಬೋಧಿಸಿದವರು ಬಲ್ಲಿದರು, ಅದನ್ನು ಕೇಳಿಸಿಕೊಳ್ಳಬೇಕಾಗಿ ಬಂದವರು ಬಡವರು. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರಿಗಾಗಿಯೇ 1807ರಲ್ಲಿ ಲಂಡನ್ನಿನಲ್ಲಿ ಬೈಬಲಿನ ಆಯ್ದ ಭಾಗಗಳ ಒಂದು ಆವೃತ್ತಿ ಅಚ್ಚಾಯಿತು. ಅದರಲ್ಲಿ ವಿಮೋಚನಕಾಂಡದ ಹತ್ತು ಆಜ್ಞೆಗಳಿದ್ದವು, ಆದರೆ ಮೋಶೆಯ ಜನರಾದ ಇಸ್ರಾಯೇಲ್ಯರು ಗುಲಾಮಗಿರಿಯಿಂದ ಹೊರಟುಬಂದ ಕಥೆ ಇರಲಿಲ್ಲ. ಎಲ್ಲರಿಗಿಂತ ಸಾತ್ವಿಕನೆನಿಸಿದ ಮೋಶೆ ಮಾಡಿದ ಮುಖ್ಯ ಕೆಲಸವನ್ನೇ ಕತ್ತರಿಸಿ ತೆಗೆದು, ವಿಧೇಯತೆಯನ್ನು ಮಾತ್ರ ಉಳಿಸಿಕೊಂಡ ಈ ಪುಸ್ತಕ ಸಾತ್ವಿಕತೆಗೆ ಬಗೆದ ದ್ರೋಹ ಸಣ್ಣದಲ್ಲ. ಜರ್ಮನಿಯ ದಾರ್ಶನಿಕ ಫ್ರೆಡ್ರಿಕ್ ನೀಚೆ 1887ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಕ್ರೈಸ್ತ ನೀತಿಯನ್ನು ಗುಲಾಮರ ನೀತಿಯೆಂದು ಜರೆದು, ಸೇಡು ತೀರಿಸಿಕೊಳ್ಳಲಾಗದ ಅಶಕ್ತರು ತಮ್ಮ ಅಶಕ್ತಿಗೇ ಸದ್ಗುಣದ ಹೆಸರಿಟ್ಟರೆಂದು ವಾದಿಸಿದ. ನೀಚೆಯ ವಾದ ಒಪ್ಪತಕ್ಕದ್ದೇ ಎಂಬುದನ್ನು ಪುಸ್ತಕಗಳಲ್ಲಿ ಚರ್ಚಿಸುವುದಕ್ಕಿಂತ, ಸೇಡು ತೀರಿಸಿಕೊಳ್ಳಬೇಕಾದ ಸ್ಥಿತಿಯಲ್ಲಿಲ್ಲದೆ, ಸುಮ್ಮನಿದ್ದರೆ ಲಾಭವನ್ನೇ ಪಡೆಯಬಹುದಾಗಿದ್ದ ಒಬ್ಬ ಮನುಷ್ಯ ಗುಲಾಮಗಿರಿಯ ಎದುರೇ ಸಾತ್ವಿಕತೆಯನ್ನು ಹೇಗೆ ಬಳಸಿದನೆಂದು ನೋಡುವುದು ಹೆಚ್ಚು ಉಪಯುಕ್ತ.

ಜಾನ್ ವೂಲ್‌ಮನ್ ಹುಟ್ಟಿದ್ದು 1720ರಲ್ಲಿ, ಆಗ ಬ್ರಿಟಿಷ್ ವಸಾಹತಾಗಿದ್ದ ನ್ಯೂಜೆರ್ಸಿಯಲ್ಲಿ, ಒಂದು ಕ್ವೇಕರ್ ಕುಟುಂಬದಲ್ಲಿ. ಕ್ವೇಕರರೆಂದರೆ 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರಿಂದ ಆರಂಭವಾದ ಕ್ರೈಸ್ತ ಪಂಗಡದವರು. ಆ ಕಾಲದ ಅವರ ಆರಾಧನೆಯಲ್ಲಿ ಪಾದ್ರಿಯಿರಲಿಲ್ಲ, ಎಲ್ಲರೂ ಮೌನವಾಗಿ ಕುಳಿತು ದೇವರ ಪ್ರೇರಣೆಗೆ ಕಾಯುತ್ತಿದ್ದರು, ಪ್ರೇರಣೆಯಾದವರು ಎದ್ದು ಮಾತಾಡುತ್ತಿದ್ದರು. ಆಡಳಿತದ ವಿಷಯಗಳಲ್ಲೂ ಅವರು ಮತ ಹಾಕಿ ಎಣಿಸುವುದಿಲ್ಲ. ಸಭೆಯ ಒಟ್ಟು ಮನಸ್ಸು ಯಾವ ಕಡೆಗಿದೆಯೆಂದು ಗುಮಾಸ್ತನಿಗೆ ತೋರುವವರೆಗೆ ನಿರ್ಧಾರವನ್ನು ಬರೆಯುವುದಿಲ್ಲ. ಯುದ್ಧವನ್ನು ನಿರಾಕರಿಸಿದ, ಸರಳ ಉಡುಪಿಗೆ ಹೆಸರಾದ ಈ ಜನರಲ್ಲೇ ಅನೇಕರು, ಫಿಲಡೆಲ್ಫಿಯದ ಶ್ರೀಮಂತ ವ್ಯಾಪಾರಿಗಳೂ ಸೇರಿದಂತೆ, ಗುಲಾಮರನ್ನು ಇಟ್ಟುಕೊಂಡಿದ್ದರು. ಜರ್ಮನ್‌ಟೌನ್ ಎಂಬ ಊರಿನ ನಾಲ್ವರು 1688ರಲ್ಲೇ ಇದರ ವಿರುದ್ಧ ಮನವಿ ಬರೆದು ಕಳಿಸಿದ್ದರೂ ಮೇಲಿನ ಸಭೆಗಳು ಅದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಕೈತೊಳೆದುಕೊಂಡಿದ್ದವು.

ಇಪ್ಪತ್ತು ದಾಟಿದ್ದ ವೂಲ್‌ಮನ್ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಗ, ಮಾಲೀಕ ತನ್ನ ಬಳಿಯಿದ್ದ ಕಪ್ಪು ಹೆಂಗಸನ್ನು ಮಾರಿ, ಕ್ರಯಪತ್ರ ಬರೆದುಕೊಡೆಂದ. ಕೊಂಡವನು ಎದುರಿಗೇ ಕಾಯುತ್ತಿದ್ದ, ವಯಸ್ಸಾದವನು, ಕ್ವೇಕರನೇ ಆಗಿದ್ದ. ವೂಲ್‌ಮನ್ ಬರೆದುಕೊಟ್ಟ, ಆದರೆ ಬರೆದುಕೊಟ್ಟದ್ದು ಮನಸ್ಸನ್ನು ಎಷ್ಟು ಕೊರೆಯಿತೆಂದರೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವ ಮಾತಲ್ಲವೆಂದು ಅಲ್ಲಿಯೇ ಇಬ್ಬರ ಮುಂದೆಯೂ ಹೇಳಿಬಿಟ್ಟ. ಮತ್ತೊಮ್ಮೆ ಇಂಥದೇ ಕೋರಿಕೆ ಬಂದಾಗ ಬರೆಯಲಿಲ್ಲ. ಮುಂದೆ ಸ್ವಂತ ಅಂಗಡಿ ಇಟ್ಟು, ದರ್ಜಿಯ ಕೆಲಸವನ್ನೂ ಮಾಡುತ್ತ, ಓದುಬರಹ ಬಲ್ಲವನಾದ್ದರಿಂದ ಸುತ್ತಲಿನವರಿಗೆ ಉಯಿಲು, ಕಾಗದಪತ್ರ ಬರೆದುಕೊಡುತ್ತಿದ್ದ ಆತನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಉಯಿಲು ಬರೆಯುವುದು ಲಾಭದ ಕೆಲಸವೆಂದೂ, ನೆರೆಯವರ ಮನಸ್ಸು ನೋಯಿಸುವುದು ತನಗೆ ಇಷ್ಟವಿರಲಿಲ್ಲವೆಂದೂ ಆತ ತನ್ನ ದಿನಚರಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ.

ಆ ದಿನಚರಿಯಲ್ಲಿರುವ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಪೆಟ್ಟು ಬಿದ್ದು ಹಾಸಿಗೆ ಹಿಡಿದಿದ್ದ ನೆರೆಯವನೊಬ್ಬ ವೂಲ್‌ಮನ್‌ನನ್ನು ಕರೆಸಿ ಉಯಿಲಿನ ವಿವರಗಳನ್ನು ಹೇಳುತ್ತಾನೆ. ಅದರಲ್ಲಿ ತನ್ನ ಗುಲಾಮಳಾದ ಹುಡುಗಿ ಯಾವ ಮಗುವಿನ ಪಾಲಿಗೆ ಹೋಗಬೇಕೆಂಬುದೂ ಇರುತ್ತದೆ. ವೂಲ್‌ಮನ್ ವಿವರಗಳನ್ನು ಬರೆದುಕೊಂಡು ಹೋಗಿ, ಆ ಹುಡುಗಿಯ ವಿಷಯವೊಂದನ್ನು ಬಿಟ್ಟು ಉಳಿದ ಉಯಿಲನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ರೋಗಿಯ ಹಾಸಿಗೆಯ ಬಳಿಗೆ ತಂದು ಓದಿ ಹೇಳುತ್ತಾನೆ. ಒಬ್ಬ ಮನುಷ್ಯಜೀವಿಯನ್ನು ಗುಲಾಮಳನ್ನಾಗಿಸುವ ಬರಹ ತನ್ನ ಕೈಯಿಂದ ಆಗದೆಂದೂ, ಬರೆದಷ್ಟಕ್ಕೆ ಕೂಲಿ ಬೇಡವೆಂದೂ, ಉಳಿದ ಭಾಗಕ್ಕೆ ತನ್ನನ್ನು ಬಿಟ್ಟುಬಿಡಬೇಕೆಂದೂ ಸ್ನೇಹದಿಂದ ಕೇಳಿಕೊಳ್ಳುತ್ತಾನೆ. ಇಬ್ಬರೂ ಆ ಬಗ್ಗೆ ಗಂಭೀರವಾಗಿ ಮಾತಾಡುತ್ತಾರೆ. ಕೊನೆಗೆ ನೆರೆಯವನು ಅವಳನ್ನು ಬಿಡುಗಡೆ ಮಾಡಲು ಒಪ್ಪುತ್ತಾನೆ, ವೂಲ್‌ಮನ್ ಉಯಿಲನ್ನು ಪೂರ್ತಿಗೊಳಿಸುತ್ತಾನೆ. ನಿರಾಕರಣೆಯ ಖರ್ಚನ್ನೆಲ್ಲ ವೂಲ್‌ಮನ್ ತಾನೇ ಹೊತ್ತುಕೊಂಡ ರೀತಿಯನ್ನು ಇಲ್ಲಿ ಗಮನಿಸಬೇಕು: ರೋಗಿಯ ಕೆಲಸ ಕೆಡಲಿಲ್ಲ, ಅವನ ಮಾನ ಹೋಗಲಿಲ್ಲ, ಕೂಲಿ ಕಳೆದುಕೊಂಡವನು ಬರೆದವನು, ಆದರೆ ಆ ಒಂದು ಸಾಲು ಮಾತ್ರ ಕಾಗದದ ಮೇಲೆ ಬರಲೇ ಇಲ್ಲ. ಬೈದು ಎದ್ದುಹೋಗಿದ್ದರೆ ಬೇರೊಬ್ಬ ಬರಹಗಾರ ಬಂದು ಆ ಸಾಲನ್ನೂ ಬರೆದುಹೋಗುತ್ತಿದ್ದ.

1757ರಲ್ಲಿ ಮೇರಿಲ್ಯಾಂಡ್, ವರ್ಜೀನಿಯ, ಉತ್ತರ ಕೆರೊಲಿನಗಳ ಕ್ವೇಕರರನ್ನು ಕಾಣಲು ಹೊರಟಾಗ ಇನ್ನೊಂದು ಇಕ್ಕಟ್ಟು ಎದುರಾಯಿತು. ಪ್ರಯಾಣ ಮಾಡುವ ಬೋಧಕರಿಗೆ ದಾರಿಯ ಮನೆಗಳಲ್ಲಿ ಊಟವಸತಿ ಉಚಿತ. ಆದರೆ ಆ ಮನೆಗಳಲ್ಲಿ ಅಡಿಗೆ ಮಾಡುವವರೂ ಹಾಸಿಗೆ ಹಾಸುವವರೂ ಗುಲಾಮರು. ಅವರ ದುಡಿಮೆಯನ್ನು ಬಿಟ್ಟಿಯಾಗಿ ಉಣ್ಣುವುದೆಂದರೆ ಅನ್ಯಾಯದಲ್ಲಿ ಪಾಲುಗಾರನಾದಂತೆ ಎಂದು ಕಂಡ ವೂಲ್‌ಮನ್ ಮೊದಲೇ ಬೆಳ್ಳಿಯ ಚಿಲ್ಲರೆ ನಾಣ್ಯಗಳನ್ನು ಕೂಡಿಸಿಟ್ಟುಕೊಂಡು, ಹೊರಡುವ ಮುನ್ನ ಆ ಗುಲಾಮರಿಗೆ ತಾನೇ ಕೊಡುತ್ತಿದ್ದ, ಇಲ್ಲವೇ ಅವರಿಗೆ ಹಂಚಿರೆಂದು ಮನೆಯ ಯಜಮಾನರ ಕೈಗೆ ಕೊಡುತ್ತಿದ್ದ. ಸ್ಥಿತಿವಂತರ ಕೈಗೆ ಹೀಗೆ ದುಡ್ಡು ಕೊಡುವುದು ಕೊಡುವವನಿಗೂ ಪಡೆಯುವವರಿಗೂ ಒಂದೇ ರೀತಿ ಕಷ್ಟವಾಗಿತ್ತೆಂದು ಆತನೇ ಹೇಳುತ್ತಾನೆ. ಒಂದು ಬಿರುಮಾತೂ ಇಲ್ಲದೆ, ಈ ಮನೆಯಲ್ಲಿ ಕೂಲಿ ಬಾಕಿ ಉಳಿದಿದೆ ಎಂದು ಯಜಮಾನನಿಗೆ ತಿಳಿಸುವ ಇದಕ್ಕಿಂತ ಚುರುಕಾದ ಉಪಾಯ ಇರಲಾರದು.

ಫಿಲಡೆಲ್ಫಿಯದ ಕ್ವೇಕರರ 1758ರ ವಾರ್ಷಿಕ ಸಭೆಯಲ್ಲಿ ಗುಲಾಮಗಿರಿಯ ವಿಷಯ ಚರ್ಚೆಗೆ ಬಂತು. ಕಾಲವೇ ಪರಿಹಾರ ತೋರಲಿ, ಈಗಲೇ ದುಡುಕುವುದು ಬೇಡ ಎಂದವರು ಕೆಲವರಿದ್ದರು. ಬಹಳ ಹೊತ್ತು ಮೌನವಾಗಿದ್ದ ವೂಲ್‌ಮನ್ ಕೊನೆಗೆ ಎದ್ದು, ತುಳಿತಕ್ಕೊಳಗಾದವರ ಮೊರೆ ದೇವರಿಗೆ ಮುಟ್ಟಿದೆ, ಸ್ವಾರ್ಥಕ್ಕಾಗಿ ಅಥವಾ ಸ್ನೇಹಿತರ ದಾಕ್ಷಿಣ್ಯಕ್ಕಾಗಿ ಇನ್ನೂ ತಡಮಾಡುವಂತಿಲ್ಲ ಎಂಬರ್ಥದಲ್ಲಿ ಮಾತಾಡಿದ. ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ಸಂಘದ ಆಡಳಿತದಿಂದ ಹೊರಗಿಡಬೇಕೆಂದೂ, ಗುಲಾಮರಿರುವ ಮನೆಗಳಿಗೆ ಹೋಗಿ ಮನವೊಲಿಸಲು ಒಂದು ಸಮಿತಿ ಇರಬೇಕೆಂದೂ ಸಭೆ ನಿರ್ಧರಿಸಿತು; ವೂಲ್‌ಮನ್ ಆ ಸಮಿತಿಯಲ್ಲಿ ಒಬ್ಬನಾದ. ತಪ್ಪಿ ನಡೆದವನನ್ನು ಸಾತ್ವಿಕ ಮನಸ್ಸಿನಿಂದ ತಿದ್ದಬೇಕು, ತಿದ್ದುವವನು ತನ್ನ ಮೇಲೂ ಕಣ್ಣಿಟ್ಟಿರಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಹೇಳಿದ್ದನ್ನು ಒಂದು ಸಮಿತಿಯ ಕಾರ್ಯವಿಧಾನವಾಗಿ ಮಾಡಿದರೆ ಹೇಗಿರಬಹುದೋ ಹಾಗಿತ್ತು ಆ ಮನೆಭೇಟಿಗಳ ರೀತಿ. 1776ರಲ್ಲಿ, ವೂಲ್‌ಮನ್ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, ಗುಲಾಮರನ್ನು ಬಿಡುಗಡೆ ಮಾಡಲೊಪ್ಪದವರನ್ನು ಸದಸ್ಯತ್ವದಿಂದಲೇ ತೆಗೆದುಹಾಕುವ ನಿರ್ಧಾರಕ್ಕೆ ಅದೇ ವಾರ್ಷಿಕ ಸಭೆ ಬಂದು ಮುಟ್ಟಿತು.

ಇದನ್ನೆಲ್ಲ ಸಾತ್ವಿಕತೆಯೊಂದರದೇ ಗೆಲುವೆಂದು ಬರೆದರೆ ಅದು ಭಕ್ತಿಯಾದೀತೇ ಹೊರತು ಇತಿಹಾಸವಾಗದು. ವೂಲ್‌ಮನ್‌ಗಿಂತ ಒಂದು ತಲೆಮಾರು ಹಿಂದಿನ ಬೆಂಜಮಿನ್ ಲೇ ಎಂಬ ಕುಳ್ಳ ದೇಹದ ಕ್ವೇಕರ್ ಹಿಡಿದ ದಾರಿ ಪೂರ್ತಿ ಬೇರೆಯದು: 1738ರಲ್ಲಿ ಬರ್ಲಿಂಗ್‌ಟನ್ನಿನ ಸಭೆಗೆ ಮೇಲಂಗಿಯೊಳಗೆ ಸೈನಿಕನ ಉಡುಪು ತೊಟ್ಟು ಬಂದು, ಟೊಳ್ಳು ಮಾಡಿದ ಪುಸ್ತಕದೊಳಗೆ ಕೆಂಪು ಹಣ್ಣಿನ ರಸ ತುಂಬಿದ ಚೀಲವನ್ನಿಟ್ಟು, ಅದನ್ನು ಕತ್ತಿಯಿಂದ ತಿವಿದು, ಗುಲಾಮರ ಮಾಲೀಕರ ಮೇಲೆ ರಕ್ತದಂತೆ ಚಿಮ್ಮಿಸಿದವನು ಆತ. ಸಂಘ ಅವನನ್ನು ಹೊರಹಾಕಿತು. ಹಾಗೆಂದು ಲೇ ಸೋತ, ವೂಲ್‌ಮನ್ ಗೆದ್ದ ಎಂದು ತೀರ್ಪು ಕೊಡುವುದು ಅವಸರವಾಗುತ್ತದೆ. ಲೇಯಂಥವರು ದಶಕಗಳ ಕಾಲ ನಿದ್ದೆ ಕೆಡಿಸಿದ್ದರಿಂದಲೇ 1758ರ ಸಭೆಗೆ ವೂಲ್‌ಮನ್‌ನ ಮೆಲುದನಿ ಕೇಳಿಸಿತೆಂದು ಹೇಳಲು ಸಾಕಷ್ಟು ಆಧಾರವಿದೆ. ಡೆಲವೇರ್ ಕಣಿವೆಯ ಕ್ವೇಕರರ ಬದುಕು ಕೆರಿಬಿಯನ್ ತೋಟಗಳ ಮಾಲೀಕರಷ್ಟು ಗುಲಾಮರ ದುಡಿಮೆಗೆ ಅಂಟಿಕೊಂಡಿರಲಿಲ್ಲ ಎಂಬುದೂ ನಿಜ. ಒಮ್ಮನಸ್ಸಿಲ್ಲದೆ ಹೆಜ್ಜೆಯಿಡದ ಸಂಘದಲ್ಲಿ ಶಾಂತವಾಗಿ ಒಪ್ಪದೇ ಇರುವ ಒಬ್ಬನಿಗೆ ದೊರೆಯುವ ಬಲ, ಬಹುಮತದ ಶಾಸನಸಭೆಯಲ್ಲಿ ದೊರೆಯುವುದಿಲ್ಲ. ಅಮೆರಿಕ ದೇಶವಾಗಿ ಗುಲಾಮಗಿರಿಯನ್ನು ಕಿತ್ತುಹಾಕಿದ್ದು 1861ರಿಂದ 1865ರವರೆಗಿನ ಅಂತರ್ಯುದ್ಧದ ನಂತರವೇ.

ವೂಲ್‌ಮನ್ ಮಾತ್ರ ತನ್ನ ದಾರಿಯನ್ನು ಇನ್ನಷ್ಟು ಕಿರಿದು ಮಾಡಿಕೊಳ್ಳುತ್ತ ಹೋದ. ಅಂಗಡಿಯ ವ್ಯಾಪಾರ ಕುದುರಿ ಮನಸ್ಸಿನ ನೆಮ್ಮದಿಗೆ ಅಡ್ಡಬಂದಾಗ ವ್ಯಾಪಾರವನ್ನೇ ಕೈಬಿಟ್ಟು ದರ್ಜಿಯ ಕೆಲಸ, ಹಣ್ಣಿನ ತೋಟಗಳಿಗೆ ಮರಳಿದ. ಲಾಭ ಹೆಚ್ಚಾಯಿತೆಂದು ಕಳವಳಪಟ್ಟ ವ್ಯಾಪಾರಿಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ. ಗುಲಾಮರು ಬೆಳೆದ ಸಕ್ಕರೆಯನ್ನು ಬಿಟ್ಟ, ಬಣ್ಣ ಹಾಕದ ಬಟ್ಟೆ ತೊಟ್ಟ. 1772ರಲ್ಲಿ ಹಡಗಿನ ಕೆಳಗಿನ ಅಗ್ಗದ ಜಾಗದಲ್ಲಿ, ನಾವಿಕರ ನಡುವೆ ಕುಳಿತು ಇಂಗ್ಲೆಂಡಿಗೆ ಬಂದಿಳಿದು, ನೇರವಾಗಿ ಲಂಡನ್ನಿನ ಸಭೆಗೆ ಹೋದಾಗ, ಈ ವಿಚಿತ್ರ ಉಡುಪಿನವನನ್ನು ಕಂಡ ಒಬ್ಬರು, ಬಂದ ಕೆಲಸ ಆಯಿತೆಂದು ತಿಳಿದು ಊರಿಗೆ ಮರಳಬಹುದೆಂದು ಸೂಚಿಸಿದರಂತೆ. ಸಂಪ್ರದಾಯ ಹೇಳುವ ಪ್ರಕಾರ ವೂಲ್‌ಮನ್ ಕಣ್ಣೀರಿಟ್ಟು, ಸಭೆಯ ಒಪ್ಪಿಗೆಯಿಲ್ಲದೆ ಬೋಧಿಸುವುದಿಲ್ಲ, ಆದರೆ ಯಾರಿಗೂ ಹೊರೆಯಾಗದಂತೆ ತನ್ನ ಕಸುಬನ್ನು ಮಾಡಿಕೊಂಡಿರಲು ಅವಕಾಶ ಕೊಡಿ ಎಂದು ಕೇಳಿದ. ಅನಂತರ ಮೌನ ಮುರಿದು ಆತ ಆಡಿದ ಮಾತನ್ನು ಕೇಳಿ ಆಕ್ಷೇಪಿಸಿದವರೇ ಮನಸ್ಸು ಬದಲಿಸಿದರು. ಬಾಡಿಗೆ ಗಾಡಿಗಳ ಕುದುರೆಗಳನ್ನೂ ಗಾಡಿ ಹುಡುಗರನ್ನೂ ಹಿಂಸಿಸುತ್ತಾರೆಂಬ ಕಾರಣಕ್ಕೆ ಗಾಡಿ ಹತ್ತದೆ ಕಾಲ್ನಡಿಗೆಯಲ್ಲೇ ಉತ್ತರಕ್ಕೆ ಹೋದ ಆತ, ಅದೇ ವರ್ಷ ಅಕ್ಟೋಬರ್ 7ರಂದು ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡ.

ಸಾತ್ವಿಕರು ಹಳೆಯದನ್ನು ಮರೆತು ಮುಂದೆ ಸಾಗಬೇಕೆಂಬ ಉಪದೇಶಕ್ಕೆ ವೂಲ್‌ಮನ್‌ನ ಬರಹಗಳಲ್ಲಿ ಯಾವ ಬೆಂಬಲವೂ ಸಿಗುವುದಿಲ್ಲ. ಬಡವರ ಪರವಾಗಿ ಶ್ರೀಮಂತರಿಗೆ ಬರೆದ, 1793ರಲ್ಲಷ್ಟೇ ಅಚ್ಚಾದ ಪ್ರಬಂಧದಲ್ಲಿ ಆತ ಅಂಗಡಿಕಾರನಿಗೆ ತಕ್ಕಂತೆ ಬಡ್ಡಿಯ ಲೆಕ್ಕವನ್ನೇ ಹಾಕುತ್ತಾನೆ: ಗುಲಾಮನ ದುಡಿಮೆಗೆ ಸಲ್ಲದೇ ಉಳಿದದ್ದು ಸಾಲ, ಸಾಲಕ್ಕೆ ಬಡ್ಡಿ ಬೆಳೆಯುತ್ತದೆ, ದುಡಿದವನು ಸತ್ತರೂ ಆ ಸಾಲ ಅವನ ಮಕ್ಕಳಿಗೆ ಸಲ್ಲಬೇಕು. ಡೆಲವೇರ್‌ನ ಕ್ವೇಕರ್ ಭೂಮಾಲೀಕ ವಾರ್ನರ್ ಮಿಫ್ಲಿನ್ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ್ದಲ್ಲದೆ ಹಿಂದಿನ ದುಡಿಮೆಗೆ ಹಣವನ್ನೂ ಕೊಟ್ಟದ್ದು ಇದೇ ವಿಚಾರದ ದಾರಿಯಲ್ಲಿ. ವೂಲ್‌ಮನ್ ಈ ಲೆಕ್ಕವನ್ನು ಮೊದಲು ತನ್ನ ಮೇಲೆಯೇ ಹಾಕಿಕೊಂಡ. ಹಿಂದೊಮ್ಮೆ ಬೇರೊಬ್ಬರ ಉಯಿಲಿನ ಇಬ್ಬರು ನಿರ್ವಾಹಕರಲ್ಲಿ ಒಬ್ಬನಾಗಿ, ಒಬ್ಬ ಕಪ್ಪು ಹುಡುಗನನ್ನು ಅವನಿಗೆ ಮೂವತ್ತು ತುಂಬುವವರೆಗಿನ ದುಡಿಮೆಗೆ ಮಾರಿದ ಕಾಗದಕ್ಕೆ ಆತ ಸಹಿ ಹಾಕಿದ್ದ. ಬಿಳಿಯ ಹುಡುಗರಾದರೆ ಇಪ್ಪತ್ತೊಂದಕ್ಕೇ ಬಿಡುಗಡೆ ಹೊಂದುತ್ತಿದ್ದರು. ಹೆಚ್ಚಾದ ಒಂಬತ್ತು ವರ್ಷಗಳಲ್ಲಿ ತನ್ನ ಪಾಲಿನ ಅರ್ಧ, ಅಂದರೆ ಕೊನೆಯ ನಾಲ್ಕೂವರೆ ವರ್ಷ, ತನ್ನ ತಲೆಯ ಮೇಲಿದೆಯೆಂದು ಎಣಿಸಿ, ಆ ಅವಧಿಗೆ ನ್ಯಾಯವಾಗಿ ಎಷ್ಟಾಗುವುದೋ ಅಷ್ಟನ್ನು ಕೊಂಡವನಿಗೆ ಕಟ್ಟಿಕೊಟ್ಟು ಹುಡುಗನನ್ನು ಬಿಡಿಸುವುದಾಗಿ, ತಾನು ತೀರಿಕೊಂಡರೆ ತನ್ನ ಆಸ್ತಿಯ ನಿರ್ವಾಹಕರೇ ಅದನ್ನು ಕಟ್ಟುವಂತೆ, ಬಾಂಡ್ ಬರೆದುಕೊಟ್ಟ.